ನೆರಳು ತಂದ ಬೈರಕ್ಕ

ಬಹಳ ಹಿಂದೆ, ಕೆಂಗಲ್ಲಪುರವೆಂಬ ರಾಜ್ಯದಲ್ಲಿ, ಧೂಮಕೇಶನೆಂಬ ಮಾಂತ್ರಿಕ ನೆರಳನ್ನೆಲ್ಲ ಕದ್ದ. ಮರದ ನೆರಳು, ಗೋಡೆಯ ನೆರಳು, ಮೋಡದ ನೆರಳು, ಎಲ್ಲವನ್ನೂ ಚಾಪೆಯಂತೆ ಸುತ್ತಿ ತನ್ನ ಬೆಂಕಿಗುಹೆಯಲ್ಲಿಟ್ಟ. ಜನ ಬಿಸಿಲಿಗೆ ಬಾಡಿಹೋದರು. ನೆರಳು ತರಲು ಹೊರಟ ರಾಜಕುಮಾರ ಮೈತುಂಬ ತಣ್ಣನೆ ಗಂಧ ಬಳಿದುಕೊಂಡು ಒಂದೇ ಓಟಕ್ಕೆ ಗುಹೆಗೆ ನುಗ್ಗಿದ. ಬೂದಿಯಾದ.

ಆಮೇಲೆ ಹೊರಟವಳು ಚಾಪೆ ಹೆಣೆಯುವ ಬೈರಕ್ಕ. ಧೈರ್ಯವೇನೂ ಇರಲಿಲ್ಲ. ಹಸಿಬಾಣಂತಿ ಮಗಳು ಜ್ವರದಲ್ಲಿ ಕನವರಿಸುತ್ತಿದ್ದಳು, ಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಗುಹೆಯ ಬಾಯಲ್ಲೊಂದು ಮುದಿ ಉಡ ಕೂತಿತ್ತು.

"ನುಗ್ಗಬೇಡ ತಾಯಿ," ಎಂದಿತು ಉಡ. "ಹೊಸ್ತಿಲಲ್ಲಿ ಒಂದು ಗಳಿಗೆ ಕೂತು ಎದ್ದು ಬಾ. ಮೈ ನೋಯಬೇಕು, ಬೇಯಬಾರದು. ಆಮೇಲೆ ಮಲಗು. ನಿನ್ನ ಮೈಯೊಳಗೆ ಕಣ್ಣಿಗೆ ಕಾಣದ ಕೋಟಿ ಕೋಣೆಗಳಿವೆ. ಸಣ್ಣ ಬಿಸಿ ತಾಗಿದರೆ ಒಂದೊಂದು ಕೋಣೆಯಲ್ಲೂ ಮುರಿದದ್ದನ್ನು ಕೂಡಿಸುವ ಕೆಲಸಗಾರರು ಏಳುತ್ತಾರೆ. ದೊಡ್ಡ ಬೆಂಕಿ ಬಂದಾಗ ಅವರೇ ಕಾಯುತ್ತಾರೆ."

ಬೈರಕ್ಕ ಕೂತಳು. ತಲೆ ಸುತ್ತಿತು, ವಾಂತಿಯಾಯಿತು. ಒಂದು ದಿನ ಸತ್ತಂತೆ ಮಲಗಿದಳು.

ಎರಡನೆಯ ಸಲ ಒಳಜಗಲಿಯವರೆಗೆ ಹೋದಳು. ಹೊರಬಂದವಳೇ, "ಈಗಲೇ ಮತ್ತೆ ಹೋಗ್ತೀನಿ. ಅಲ್ಲಿ ಮಗಳು ಸಾಯ್ತಿದಾಳೆ," ಎಂದಳು.

ಉಡ ಅಡ್ಡ ಮಲಗಿತು. "ಮಲಗದೆ ಹೋದರೆ ಕೆಲಸಗಾರರು ಏಳೋದಿಲ್ಲ. ನೀನೂ ಬೂದಿ."

ಅವಳಿಗೆ ಅಳಲೂ ಸುಸ್ತು. ಮಲಗಿದಳು.

ಮೂರನೆಯ ಸಲ ನಟ್ಟನಡು ಬೆಂಕಿಗೇ ನಡೆದಳು. ಧೂಮಕೇಶ ನಕ್ಕು ಉರಿಗಣ್ಣು ತೆರೆದ. ಅವಳ ಕೂದಲು ಸುಟ್ಟಿತು, ಅಂಗೈ ಬೊಬ್ಬೆಯೆದ್ದಿತು. ಜೀವ ಮಾತ್ರ ಕದಲಲಿಲ್ಲ.

"ನೀನ್ಯಾಕೆ ಬೂದಿಯಾಗಲಿಲ್ಲ?" ಎಂದು ಮಾಂತ್ರಿಕ ಚೀರಿದ.

"ದಾರಿ ಬಿಡಪ್ಪ, ನನಗೆ ಸಾಕಾಗಿದೆ," ಎನ್ನುತ್ತ ಬೈರಕ್ಕ ನೆರಳಿನ ಸುರುಳಿಯ ಕಟ್ಟು ಬಿಚ್ಚಿದಳು.

ರಾಜ್ಯದ ನೆರಳೆಲ್ಲ ಒಮ್ಮೆಲೇ ಧೂಮಕೇಶನ ಮೇಲೆ ಬಿತ್ತು. ಹುಟ್ಟಿದಾಗಿನಿಂದ ಒಂದು ಹನಿ ತಂಪನ್ನೂ ಕಾಣದ ಮೈ ಅವನದು. ಕಾದ ಗಡಿಗೆಗೆ ನೀರೆರಚಿದಂತೆ ಸಿಡಿದು ಚೂರಾದ. ಅವನ ಮಾಯೆ ಹರಿದದ್ದೇ ತಡ, ರಾಜಕುಮಾರ ಬೂದಿ ಕೊಡವಿಕೊಂಡು ಎದ್ದ. ನೆರಳುಗಳು ಹಾರಿ ತಂತಮ್ಮ ಮರಗಳಡಿ ಸೇರಿದವು. ಮಗಳ ಜ್ವರ ಇಳಿಯಿತು, ಎದೆಗೆ ಹಾಲು ಬಂತು, ಕೂಸು ನಕ್ಕಿತು.

ರಾಜ ಪಲ್ಲಕ್ಕಿ ಕಳಿಸಿದ. ಬೈರಕ್ಕ ಅದನ್ನು ಹತ್ತಲಿಲ್ಲ, ದಾರಿಯ ಹುಣಸೆಮರದಡಿ ಮಲಗಿಬಿಟ್ಟಳು. ಏಳು ದಿನ ಅವಳನ್ನು ಯಾರೂ ಎಬ್ಬಿಸಲಿಲ್ಲ. ಅಷ್ಟೂ ದಿನ ಊರಿಗೂರೇ ಪಿಸುಮಾತಿನಲ್ಲೇ ಸುಖವಾಗಿ ಬಾಳಿತು.