ಆದಪ್ಪ ನಿಂತ ಜಾಗ

ತನ್ನನ್ನು ನೋಡಲೆಂದೇ ಅವನು ಬರುತ್ತಾನೆ ಎಂದು ಶೇಖರಮ್ಮ ತಿಳಿದಿದ್ದಳು. ಹತ್ತೊಂಬತ್ತರ ಹುಡುಗಿ ಹಾಗಲ್ಲದೆ ಇನ್ನೇನು ತಿಳಿದಾಳು!

ಮಸ್ಕಿಯ ಬಜಾರಿನಲ್ಲಿ ಅವಳಪ್ಪ ದೊಡ್ಡಬಸಪ್ಪನ ಬಟ್ಟೆ ಅಂಗಡಿ. ದಿನಾ ದೀಪ ಹಚ್ಚುವ ಹೊತ್ತಿಗೆ ದುರುಗಪ್ಪ ಎದುರಿನ ಸೈಕಲ್ ಅಂಗಡಿಯ ಬಳಿ ಬಂದು ನಿಲ್ಲುತ್ತಿದ್ದ. ಇಬ್ಬರೂ ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎ., ಒಂದೇ ಕ್ಲಾಸು. ಅವನು ಬಂದನೆಂದರೆ ಅವಳು ಸೀರೆ ಮಡಿಸುವ ನೆಪದಲ್ಲಿ ಬಾಗಿಲಿಗೆ ಬರುವಳು, ಜಡೆ ಮುಂದೆ ಹಾಕಿಕೊಳ್ಳುವಳು. ಅವನ ಕಣ್ಣು ಮಾತ್ರ ಅವಳಿಗಿಂತ ತುಸು ಕೆಳಗೆ, ಮೆಟ್ಟಿಲ ಮೇಲೆಯೇ ಇರುತ್ತಿತ್ತು. ನಾಚಿಕೆ ಸ್ವಭಾವ ಪಾಪ, ಎಂದುಕೊಳ್ಳುವಳು.

“ನಿನ್ನ ಪಹರೆದಾರ ಬಂದಾನ ನೋಡಬೇ,” ಎಂದು ಗೆಳತಿ ಇಮಾಮ್‌ಬೀ ಕೆಣಕುತ್ತಿದ್ದಳು.

“ನನಗ್ಯಾಕ ಹೇಳ್ತಿ? ನಾ ಏನ್ ಕರದೀನೇನು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ!

ತೊಂಬತ್ತರ ಚಳಿಗಾಲದಲ್ಲಿ ಇಂಗ್ಲಿಷ್ ಸರ್ ಒಂದು ಪದ್ಯ ಪಾಠ ಮಾಡಿದರು. ಬಿಳಿಯರ ಅಂಗಡಿಗೆ ಬದುಕಿಡೀ ಮೂಟೆ ಹೊತ್ತ ಕರಿಯ ಕೂಲಿಯವನ ಪದ್ಯ. ಅವನಿಗೆ ಒಳಗೆ ಕಾಲಿಡಲು ಅಪ್ಪಣೆಯಿರಲಿಲ್ಲ. ಕಾನೂನು ಬದಲಾಗುವ ಮೊದಲೇ ಸತ್ತ. ಸತ್ತ ಮೇಲೂ ದಿನಾ ಬರುತ್ತಾನೆ. ಬಾಗಿಲು ತೆರೆದಿದೆ, ತಡೆಯುವವರಿಲ್ಲ, ಆದರೂ ಹೊರಗೇ ನಿಲ್ಲುತ್ತಾನೆ. ಯಾಕೆ ಎಂದು ಸರ್ ಕೇಳಿದರು.

ಶೇಖರಮ್ಮ ಎದ್ದು ಗೈಡಿನಲ್ಲಿದ್ದುದನ್ನು ಚಂದವಾಗಿ ಒಪ್ಪಿಸಿದಳು: ಅವನು ಸ್ವಾತಂತ್ರ್ಯದ ಸಂಕೇತ, ಸಮಾನತೆಯ ಕರೆ. ಸರ್ ವೆರಿ ಗುಡ್ ಎಂದರು. ಆಗ ದುರುಗಪ್ಪ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ. ಆ ನೋಟದಲ್ಲಿ ಪ್ರೀತಿ ಇರಲಿಲ್ಲ. 

“ನನ್ನ ಮ್ಯಾಲ ಸಿಟ್ಟೇನ್ರಿ?” ಬಸ್ ಸ್ಟ್ಯಾಂಡಿನಲ್ಲಿ ತಡೆದು ಕೇಳಿದಳು.

“ಸಿಟ್ಟಿಲ್ಲ. ಅವ ಸಂಕೇತ ಅಲ್ಲ, ಮನಷ್ಯಾ.”

“ಅಯ್ಯ, ಪದ್ಯದಾಗಿನವನ ಸಲುವಾಗಿ ಜಗಳೇನು? ದಿನಾ ನಮ್ಮ ಅಂಗಡಿ ಮುಂದ ಬಂದು ನಿಲ್ತೀರಲ್ಲ, ಅವಾಗ ಈ ಸಿಟ್ಟು ಎಲ್ಲಿರ್ತೈತಿ?”

“ನಿಮ್ಮನ್ನ ನೋಡಾಕ ಬರಂಗಿಲ್ರಿ. ನಮ್ಮಪ್ಪ ಅಲ್ಲಿ ನಿಂತಿರ್ತಾನ.”

ಅವನಪ್ಪ ಆದಪ್ಪ ಸತ್ತು ವರ್ಷವಾಗಿತ್ತು. ಲಾರಿಯಿಂದ ಬಟ್ಟೆಯ ಗಂಟು ಹೊತ್ತು ತಂದು ಅವರ ಅಂಗಡಿಯ ಹೊಸ್ತಿಲ ಮೇಲೆ ಇಡುತ್ತಿದ್ದವನು. ಅಲ್ಲಿಂದ ಒಳಗಿನವರು ಎಳೆದುಕೊಳ್ಳುತ್ತಿದ್ದರು. ಗಂಟು ಒಳಗೆ, ಹೊತ್ತವನು ಹೊರಗೆ. ಅದು ಅಂಗಡಿಯ ರಿವಾಜು. ಹಬ್ಬಕ್ಕೆ ಧೋತರ ಕೊಡುವಾಗಲೂ ದೊಡ್ಡಬಸಪ್ಪ ಅದನ್ನು ಮೈ ಸೋಕದಂತೆ ಮೇಲಿನಿಂದ ಅವನ ಕೈಗೆ ಹಾಕುತ್ತಿದ್ದ.

“ಖರೇನ ಕಾಣ್ತಾನೇನ್ರಿ?”

“ಬೆನ್ನು ಕಾಣ್ತದ. ಹೆಗಲ ಮ್ಯಾಲ ಟವೆಲ್.” ಅವನು ಮುಖ ತಿರುಗಿಸಿದ. “ನನಗ ಹುಚ್ಚು ಹಿಡದೈತಿ ಅಂತಾಳ ನಮ್ಮವ್ವ. ಒಬ್ಬನ್ನ ಹೆಂಗ ಬಿಟ್ಟು ಹೋಗಲ್ರಿ ಅಲ್ಲಿ?”

ಆ ಸಂಜೆಯಿಂದ ಶೇಖರಮ್ಮನಿಗೆ ತಮ್ಮ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಯಾರನ್ನೋ ಸವರಿಕೊಂಡು ಹೋದಂತೆ ಮೈ ಜುಮ್ಮೆನ್ನುತ್ತಿತ್ತು. ಹೊಸ ಸೀರೆಗಳ ನಡುವೆ ಬೆವರಿನ ವಾಸನೆ ಬರುತ್ತಿತ್ತು. ಅವನು ತನಗಾಗಿ ಬರುತ್ತಿರಲಿಲ್ಲ ಎಂಬ ಅವಮಾನ ಕೆಲವು ದಿನ ಸುಟ್ಟಿತು. ಆಮೇಲೆ ಉಳಿದದ್ದು ಅವನ ಮೇಲಿನ ಪ್ರೀತಿ ಒಂದೇ. ಹೀಗೇ ಬಿಟ್ಟರೆ ಸತ್ತವನ ಜೊತೆ ಬದುಕಿರುವವನೂ ಅಲ್ಲೇ ನಿಂತುಬಿಡುತ್ತಾನೆ ಎಂದು ಅವಳಿಗೆ ಹೆದರಿಕೆಯಾಯಿತು.

ಸಂತೆಯ ದಿನ. ಅಂಗಡಿ ತುಂಬ ಗಿರಾಕಿಗಳು. ದುರುಗಪ್ಪ ಎದುರಿಗೆ ಬಂದು ನಿಂತದ್ದೇ ತಡ, ಅವಳು ಹೊಸ್ತಿಲಿಗೆ ಬಂದು ಮೆಟ್ಟಿಲ ಕಡೆ ಕೈ ಮುಗಿದಳು.

“ಆದಪ್ಪ ಕಾಕಾ, ಒಳಗ ಬರ್ರಿ.”

ಬಟ್ಟೆ ಅಳೆಯುತ್ತಿದ್ದ ದೊಡ್ಡಬಸಪ್ಪನ ಕೈ ನಿಂತಿತು. “ಯಾರನ್ನ ಕರಿಯಾಕತ್ತೀಬೇ? ಅವ ಸತ್ತು ವರ್ಷಾತು!”

ಅವಳು ದುರುಗಪ್ಪನನ್ನು ನೋಡಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿ ಅಲ್ಲಿಂದಲೇ ಕೂಗಿದ.

“ಬರವಲ್ಲ. ಜೀವ ಇದ್ದಾಗ ಕರೀಲಾರದವ್ರು ಈಗ ಕರದ್ರ ಅವ ಯಾಕ ಬರಬೇಕ್ರಿ?”

ಹೌದಲ್ಲ! ಕರೆಯುವವಳು ತಾನೇ ಇನ್ನೂ ಒಳಗೆ ನಿಂತಿದ್ದಾಳೆ, ದೊಡ್ಡ ಮನಸ್ಸು ಮಾಡಿದವಳ ಹಾಗೆ. ಅವಳಿಗೆ ಪದ್ಯ ಆಗ ಅರ್ಥವಾಯಿತು, ನಾಚಿಕೆಯೂ ಆಯಿತು. ಬರಿಗಾಲಲ್ಲಿ ಮೆಟ್ಟಿಲಿಳಿದಳು. ಯಾರಿಗೋ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿದು, ರಸ್ತೆ ದಾಟಿ, ದುರುಗಪ್ಪನ ಪಕ್ಕದಲ್ಲಿ ಅಂಗಡಿಗೆ ಮುಖ ಮಾಡಿ ನಿಂತಳು. ಅಲ್ಲಿಂದ ನೋಡಿದರೆ ಅದು ಅವಳ ಅಂಗಡಿ ಅನ್ನಿಸಲೇ ಇಲ್ಲ.

“ಈಗೂ ಕಾಣ್ತಾನೇನ್ರಿ?”

“ಕಾಣ್ತಾನ,” ಅಂದ ದುರುಗಪ್ಪ. ಆಮೇಲೆ ಅವಳ ಕಡೆ ತಿರುಗಿದ, ಕಣ್ಣು ತುಂಬಿದ್ದವು. “ಸುಳ್ಳ್ಯಾಕ ಹೇಳ್ಲಿ? ಇವತ್ತು ನಿಮ್ಮನ್ನೂ ನೋಡಾಕ ಬಂದೀನಿ.”

“ನೀವು ಅನಬ್ಯಾಡ,” ಎಂದಳು ಮೆಲ್ಲಗೆ. “ನೀ ಅನ್ನು.”

“ಶೇಖರಮ್ಮಾ!” ದೊಡ್ಡಬಸಪ್ಪ ಬಾಗಿಲಿಗೆ ಬಂದಿದ್ದ. ಇಡೀ ಬಜಾರು ನೋಡುತ್ತಿತ್ತು. “ಒಳಗ ಬಾ. ಈಗ ಬರಲಿಲ್ಲಂದ್ರ ಈ ಹೊಸ್ತಿಲಾ ನಿನಗ ಮುಗೀತು ನೋಡು.”

ಅವಳು ದುರುಗಪ್ಪನ ಕೈ ಹಿಡಿದಳು.

“ಅಪ್ಪಾ, ನೀನ ಬಾ ಹೊರಗ,” ಎಂದು ಕೂಗಿದಳು. “ಕಾಯ್ತೀನಿ.”

ದೊಡ್ಡಬಸಪ್ಪ ಗಿರಾಕಿಗಳನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಶೇಖರಮ್ಮ ಅತ್ತಳು, ಆದರೆ ಹಿಡಿದ ಕೈ ಬಿಡಲಿಲ್ಲ.