ಸಹಿ ಹಾಕದ ಡಾಕ್ಟರು

"ಯಾರ್ರೀ ಇದನ್ನ ಮುಚ್ಚಿದ್ದು?"

ಅನಸೂಯಾ ಕೇಳಿದ್ದು ಕನ್ನಡದಲ್ಲಿ. ಅದೂ ಡಬ್ಲಿನ್ನಿನ ಆಸ್ಪತ್ರೆಯೊಂದರ ಸ್ಟಾಫ್ ರೂಮಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ! ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದವಳು ಧಡಕ್ಕನೆ ಎದ್ದಿದ್ದಳು. ಯಾವ ದೇಶದಲ್ಲಿದ್ದೇನೆ ಎಂಬುದೇ ಆ ಕ್ಷಣಕ್ಕೆ ಅವಳಿಗೆ ನೆನಪಿರಲಿಲ್ಲ. ಎದುರಿಗೆ ತೆರೆದಿಟ್ಟಿದ್ದ ಲ್ಯಾಪ್‌ಟಾಪ್ ಈಗ ಮುಚ್ಚಿತ್ತು.

ಮೇಜಿನ ಆ ತುದಿಯಲ್ಲಿ, ಎರಡು ಮೀಟರ್ ದೂರ ಕಾಯ್ದುಕೊಂಡು, ಮಾಸ್ಕನ್ನು ಗದ್ದಕ್ಕಿಳಿಸಿ ಚಹಾ ಕುಡಿಯುತ್ತಿದ್ದ ಡಾಕ್ಟರನೊಬ್ಬ ಕಪ್ ಕೆಳಗಿಟ್ಟ.

"ನಾನೇ," ಎಂದ, ಅವನೂ ಕನ್ನಡದಲ್ಲೇ. "ನೀವು ಮಲ್ಕೊಂಡ್‌ಬಿಟ್ಟಿದ್ರಿ... ಸ್ಕ್ರೀನಿನ ಬೆಳಕು ಕಣ್ಣಿಗೆ ಹೊಡೀತಿತ್ತು."

"ಅದು ಪರೀಕ್ಷೆ ರೀ. ಆನ್‌ಲೈನ್ ಪರೀಕ್ಷೆ. ಮುಚ್ಚಿದ್ರೆ ಮುಗೀತು, ಅಷ್ಟೇ."

ಇಷ್ಟು ದೂರದ ಊರಲ್ಲಿ ಕನ್ನಡ ಕಿವಿಗೆ ಬಿದ್ದರೆ ಯಾರಿಗಾದರೂ ಖುಷಿಯಾಗಬೇಕು. ಅನಸೂಯಾಗೆ ಅಳು ಬಂತು. ಹನ್ನೆರಡು ಗಂಟೆಯ ಡ್ಯೂಟಿ ನಡುವೆ ಸಿಕ್ಕ ಬ್ರೇಕಿನಲ್ಲಿ ಇಪ್ಪತ್ತು ಪ್ರಶ್ನೆ ಮುಗಿಸಿಬಿಡೋಣ ಎಂದು ಕೂತವಳು ಏಳನೆಯದಕ್ಕೇ ತೂಕಡಿಸಿದ್ದಳು. ತಪ್ಪು ಅವಳದೂ ಇತ್ತು, ಒಪ್ಪೋಣ. ಆದರೆ ಅಷ್ಟು ದಣಿದವಳು ಯಾರ ತಪ್ಪು ಎಷ್ಟೆಂದು ಕೂತು ಯೋಚಿಸುತ್ತಾಳೆಯೇ?

ಅವನು ತಡಬಡಾಯಿಸಿ ಕ್ಷಮೆ ಕೇಳಿದ. ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಕೆಲವರಿಗೆ ಮಾತು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದೇ ಇಲ್ಲ ನೋಡಿ.

"ಇಷ್ಟು ಸುಸ್ತಲ್ಲಿ ಈ ಓದೆಲ್ಲ ಯಾಕೆ ಬೇಕಿತ್ತು ನಿಮ್ಗೆ?"

ಅನಸೂಯಾ ಲ್ಯಾಪ್‌ಟಾಪ್ ಎತ್ತಿಕೊಂಡು, ಮಾಸ್ಕ್ ಸರಿಮಾಡಿಕೊಂಡು ವಾರ್ಡಿಗೆ ಹೊರಟುಹೋದಳು.

ಯಾಕೆ ಬೇಕಿತ್ತು! ಆ ಪ್ರಶ್ನೆ ಅವಳಿಗೆ ಹೊಸದೇನಲ್ಲ. ಚನ್ನಪಟ್ಟಣದಿಂದ ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹೆಣ್ಣು ನೋಡಲು ಬಂದಿದ್ದ ಮೈಸೂರಿನ ಡಾಕ್ಟರನೊಬ್ಬನೂ ಕೇಳಿದ್ದ. ನರ್ಸಿಂಗ್‌ನಲ್ಲೇ ಡಾಕ್ಟರೇಟ್ ಮಾಡುವ ಆಸೆ ಇದೆ ಎಂದಾಗ ನಕ್ಕು, ಮನೆಗೆ ಒಬ್ಬ ಡಾಕ್ಟರ್ ಸಾಕು ಎಂದಿದ್ದ. ಆ ಸಂಬಂಧ ಅಲ್ಲಿಗೇ ನಿಂತಿತು. ನಗು ಮಾತ್ರ ಅವಳ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಹನ್ನೆರಡು ವರ್ಷ ವಾರ್ಡುಗಳಲ್ಲಿ ಓಡಾಡಿದ ಅನಸೂಯಾಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಇಲ್ಲಿ ಇದು ಸರಿಯಿಲ್ಲ ಎಂದು ನರ್ಸ್ ಹೇಳಿದರೆ ಅದು ದೂರು. ಅದೇ ಮಾತನ್ನು ದೊಡ್ಡ ಪದವಿ ಇದ್ದವರು ಹೇಳಿದರೆ ಸಲಹೆ. ತನ್ನ ಮಾತನ್ನೂ ಸಲಹೆ ಎಂದು ಯಾರಾದರೂ ಒಮ್ಮೆ ಕೇಳಬೇಕು ಎಂಬ ಹಟಕ್ಕೆ ಅವಳು ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಆನ್‌ಲೈನಿನಲ್ಲಿ ಸೇರಿದ್ದಳು. ಸೇರಿದ ವರ್ಷವೇ ಕೊರೋನಾ ಬಂತು. ಏಪ್ರಿಲ್‌ನಲ್ಲಿ ಓದು ನಿಲ್ಲಿಸಿ, ಬೇಸಿಗೆ ಮುಗಿದ ಮೇಲೆ ಮತ್ತೆ ಶುರುಮಾಡಿದ್ದಳು. ಹಾಗೆ ನಿಲ್ಲಿಸಲು ಒಂದೇ ಒಂದು ಸಲ ಅವಕಾಶ. ಇನ್ನೊಮ್ಮೆ ನಿಂತರೆ ಹೆಸರು ಹೊಡೆದುಹಾಕುತ್ತಾರೆ.

ಮರುದಿನ ಅವಳ ಪ್ರೊಫೆಸರರಿಂದ ಮೇಲ್ ಬಂತು. ಡಾಕ್ಟರ್ ಮಧುಸೂದನ ಎಂಬುವರು ತಪ್ಪೆಲ್ಲ ತಮ್ಮದೇ ಎಂದು ಎರಡು ಪುಟ ಬರೆದಿದ್ದಾರೆ, ಪರೀಕ್ಷೆಯನ್ನು ಇನ್ನೊಮ್ಮೆ ಬರೆಯಬಹುದು ಎಂದಿತ್ತು. ವಿಳಾಸ ಎಲ್ಲಿಂದ ಹುಡುಕಿದನೋ! ಅನಸೂಯಾಗೆ ಆ ಅಕ್ಟೋಬರಿನಲ್ಲಿ ಮೊದಲ ಸಲ ನಗು ಬಂತು.

ಆಮೇಲೆ ಮಾತು ಬೆಳೆಯಿತು. ಅವನಿದ್ದದ್ದು ಸ್ಯಾಂಟ್ರಿಯಲ್ಲಿ, ಅವಳು ಅಲ್ಲಿಂದ ಎಂಟು ಕಿಲೋಮೀಟರಿಗೂ ಆಚೆ ಬ್ಲಾಂಚರ್ಡ್ಸ್‌ಟೌನ್‌ನಲ್ಲಿ. ಕೆಲಸಕ್ಕೆ ಬಿಟ್ಟರೆ ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂದು ಸರ್ಕಾರ ಹೇಳಿತ್ತು. ಹಾಗಾಗಿ ಅವರ ಪರಿಚಯವೆಲ್ಲ ಬೆಳೆದದ್ದು ವಾರ್ಡಿನ ಕೈತೊಳೆಯುವ ಸಿಂಕಿನಿಂದ ಫೋನ್ ಇಟ್ಟಿದ್ದ ಮೇಜಿನವರೆಗಿನ ಜಾಗದಲ್ಲೇ.

ಆ ಫೋನೇ ಅವಳ ಸಂಶೋಧನೆ. ಒಳಗೆ ಯಾರನ್ನೂ ಬಿಡದ ಕಾಲವದು. ಮನೆಯವರು ದಿನವಿಡೀ ವಾರ್ಡಿಗೆ ಫೋನ್ ಮಾಡುತ್ತಿದ್ದರು, ಎತ್ತಲು ಯಾರ ಕೈಯೂ ಖಾಲಿ ಇರುತ್ತಿರಲಿಲ್ಲ. ಅದರ ಬದಲು ದಿನಾ ನಾಲ್ಕು ಗಂಟೆಗೆ ನಾವೇ ಪ್ರತಿ ರೋಗಿಯ ಮನೆಗೆ ಫೋನ್ ಮಾಡೋಣ, ಏನು ಬದಲಾಗುತ್ತದೆ ನೋಡೋಣ ಎಂದು ಅನಸೂಯಾ ಹೇಳಿದ್ದಳು. ಕೇಳಲು ಸುಲಭ. ಕೆಲವು ಮನೆಗಳಿಗೆ ಹೇಳಬೇಕಾದ ಸುದ್ದಿ ಮಾತ್ರ ಸುಲಭವಾಗಿರಲಿಲ್ಲ. ಅಂಥ ಫೋನುಗಳನ್ನು ಮಧುಸೂದನ ಯಾರೂ ಕೇಳದೆಯೇ ತನ್ನ ಪಾಲಿಗೆ ತೆಗೆದುಕೊಂಡ. ಪಕ್ಕದ ಮೀತ್ ಜಿಲ್ಲೆಯ ಒಬ್ಬ ಅಜ್ಜಿಗೆ, ಗಂಡ ಇವತ್ತು ಗಡ್ಡ ಕೆರೆಸಿಕೊಂಡರೋ ಇಲ್ಲವೋ ಎಂಬುದಷ್ಟೇ ಬೇಕಿತ್ತು. ಅವನು ಅಜ್ಜಿಯನ್ನು ಲೈನಿನಲ್ಲೇ ಇರಿಸಿ, ಒಳಗೆ ಹೋಗಿ ನೋಡಿ ಬಂದು ಹೇಳುತ್ತಿದ್ದ.

ಅದನ್ನು ನೋಡುತ್ತ ನೋಡುತ್ತಲೇ ಅನಸೂಯಾಗೆ ಅವನು ಇಷ್ಟವಾಗಿಬಿಟ್ಟ. ಹಾಗೆಂದು ಹೇಳಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಕ್ಲಾಸು, ವಾರಾಂತ್ಯ ಬರವಣಿಗೆ, ಉಳಿದ ದಿನ ಡ್ಯೂಟಿ. ಪಾಠಗಳನ್ನು ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುತ್ತಿದ್ದಳು, ಇಳಿಯುವ ಸ್ಟಾಪ್ ಎರಡು ಸಲ ತಪ್ಪಿತ್ತು. ಸ್ಯಾನಿಟೈಸರಿಗೆ ಕೈ ಒಡೆದು ಉರಿಯುತ್ತಿತ್ತು.

ಕ್ರಿಸ್‌ಮಸ್ ಮುಗಿದದ್ದೇ ಮೂರನೇ ಅಲೆ ಬಂತು. ವಾರ್ಡು ತುಂಬಿತು. ಜನವರಿ ಎರಡನೇ ವಾರ, ಅವಳ ಸಂಶೋಧನೆಗೆ ಮಾರ್ಗದರ್ಶಿಯಾಗಿದ್ದ ಹಿರಿಯ ಡಾಕ್ಟರಿಗೇ ಕೊರೋನಾ ಬಂದು ಅವರು ರಜೆಯ ಮೇಲೆ ಹೋದರು.

ಅದೇ ಆಸ್ಪತ್ರೆಯ ಇನ್ನೊಬ್ಬ ಡಾಕ್ಟರು ಮಾರ್ಗದರ್ಶಿಯಾಗಿ ಸಹಿ ಹಾಕಿದ ಫಾರಂ ಫೆಬ್ರವರಿಯ ಮೊದಲ ಶುಕ್ರವಾರದೊಳಗೆ ಬರಬೇಕು ಎಂದು ವಿಶ್ವವಿದ್ಯಾಲಯ ಬರೆಯಿತು. ಬಾರದಿದ್ದರೆ ಈ ಸೆಮಿಸ್ಟರ್ ಇಲ್ಲ. ಸೆಮಿಸ್ಟರ್ ಇಲ್ಲವೆಂದರೆ ಪದವಿಯೂ ಇಲ್ಲ.

ಅನಸೂಯಾಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಮಧುಸೂದನ ಇದ್ದಾನಲ್ಲ! ಫಾರಮ್ಮನ್ನು ಪ್ರಿಂಟ್ ತೆಗೆದು, ಓದಿ ನೋಡುವ ವ್ಯವಧಾನವೂ ಇಲ್ಲದೆ, ಹಾಗೇ ಅವನ ಕೈಗಿಟ್ಟಳು. ಅವನು ಖುಷಿಯಿಂದಲೇ ತೆಗೆದುಕೊಂಡ.

ಎರಡು ದಿನ ಬಿಟ್ಟು ಅದನ್ನು ಖಾಲಿಯಾಗಿಯೇ ವಾಪಸ್ ತಂದ.

"ನನ್ನಿಂದ ಆಗಲ್ಲ, ಅನಸೂಯಾ ಅವ್ರೇ. ಬೇರೆ ಯಾರನ್ನಾದ್ರೂ ಕೇಳಿ."

"ಯಾಕೆ? ಟೈಮ್ ಇಲ್ವಾ?"

"ಟೈಮ್ ಅಲ್ಲ..." ಅವನು ಅವಳ ಮುಖ ನೋಡಲಿಲ್ಲ. "ಈಗ ಹೇಳೋಕಾಗಲ್ಲ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಅಂತೆ. ಅನಸೂಯಾ ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು, ಐದನೇ ಬೆಡ್ಡಿನ ರೋಗಿಯ ಆಕ್ಸಿಜನ್ ನೋಡಲು ಹೋದಳು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಕುದಿಯುತ್ತಿತ್ತು. ನರ್ಸಿನ ಹಿಂದೆ ನಿಂತು ಸಹಿ ಹಾಕಲು ಡಾಕ್ಟರಿಗೆ ನಾಚಿಕೆಯೇ? ಫೋನ್ ಮಾಡಲು ಕೈಜೋಡಿಸಬಹುದು, ತನ್ನ ಡಬ್ಬಿಯ ಅವಲಕ್ಕಿ ತಿನ್ನಬಹುದು. ಆದರೆ ನರ್ಸೊಬ್ಬಳು ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವುದನ್ನು ಸಹಿಸಲು ಇವರ್ಯಾರಿಗೂ ಆಗುವುದಿಲ್ಲ. ಯಾಕೆ ಬೇಕಿತ್ತು ಎಂದು ಮೊದಲ ದಿನವೇ ಕೇಳಿದ್ದನಲ್ಲ... ತಾನೇ ಮರೆತಿದ್ದು.

ಅವತ್ತಿನಿಂದ ಅವಳು ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ, ಅದೂ ಇಂಗ್ಲಿಷಿನಲ್ಲಿ. ಅವನು ಒಂದೆರಡು ಸಲ ಹತ್ತಿರ ಬಂದ. ಅವಳು ಫೈಲಿನಿಂದ ತಲೆಯೆತ್ತಲಿಲ್ಲ. ಬೇರೆ ಮೂವರು ಡಾಕ್ಟರುಗಳನ್ನು ಕೇಳಿದಳು. ನಿಜಕ್ಕೂ ಯಾರಿಗೂ ಉಸಿರಾಡಲು ಸಮಯವಿರಲಿಲ್ಲ, ಮೂವರೂ ಆಗುವುದಿಲ್ಲ ಎಂದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬಂದ ಸಿಟ್ಟೆಲ್ಲ ಒಬ್ಬನ ಮೇಲೆಯೇ.

ಆ ಶುಕ್ರವಾರಕ್ಕೆ ಎರಡು ದಿನವಿರುವಾಗ, ತಾನೇ ಓದು ಬಿಡುತ್ತಿದ್ದೇನೆ ಎಂಬ ಪತ್ರವನ್ನು ಬರೆದು ಮುಗಿಸಿದಳು. ಕಳಿಸುವುದೊಂದು ಬಾಕಿ ಇತ್ತು. ಹೊಡೆದುಹಾಕಿಸಿಕೊಳ್ಳುವುದಕ್ಕಿಂತ ತಾನೇ ಬಿಡುವುದು ಮರ್ಯಾದೆ ಎನಿಸಿತು. ಅಳಲೂ ಆಗದಷ್ಟು ಸೋತುಹೋಗಿದ್ದಳು ಹುಡುಗಿ.

ಆ ಮಧ್ಯಾಹ್ನ ಡಾಕ್ಟರ್ ನೋರಾ ಕೀನ್ ಅವಳನ್ನು ಹುಡುಕಿಕೊಂಡು ವಾರ್ಡಿಗೆ ಬಂದರು. ಅರವತ್ತನಾಲ್ಕರ ಐರಿಶ್ ಹೆಂಗಸು. ನಿವೃತ್ತಿಯಾದವರು ಕೊರೋನಾ ಕಾಲಕ್ಕೆಂದು ಮತ್ತೆ ಕೆಲಸಕ್ಕೆ ಬಂದಿದ್ದರು. ಎಲ್ಲಿದೆಯಮ್ಮ ನಿನ್ನ ಫಾರಂ, ಕೊಡು ಎಂದರು.

ಅನಸೂಯಾಗೆ ಅರ್ಥವಾಗಲಿಲ್ಲ.

ನಿಮ್ಮ ಮಧು ಮೂರು ವಾರದಿಂದ ನನ್ನ ಬೆನ್ನು ಬಿದ್ದಿದ್ದಾನೆ ಎಂದು ನೋರಾ ಹೇಳಿದರು. ಮೊದಲು ಆಗುವುದಿಲ್ಲ ಎಂದಿದ್ದರಂತೆ. ನಾಲ್ಕು ಗಂಟೆಯ ಫೋನುಗಳಿಂದ ಏನೇನು ಬದಲಾಯಿತೆಂದು ಅವಳು ವಾರ್ಡಿನಲ್ಲಿ ಬರೆದಿಟ್ಟಿದ್ದ ಹಾಳೆಗಳನ್ನೆಲ್ಲ ಅವನು ತಂದು ತೋರಿಸಿದನಂತೆ. ಓದಿದ ಮೇಲೆ, ಇದನ್ನು ಯಾಕೆ ಎಲ್ಲ ವಾರ್ಡುಗಳಲ್ಲೂ ಮಾಡುತ್ತಿಲ್ಲ ಎಂದು ತಮಗೇ ಅನಿಸಿತಂತೆ. ಹೇಳುತ್ತಲೇ ಕನ್ನಡಕ ಏರಿಸಿಕೊಂಡು, ನಿಂತಲ್ಲೇ ಫಾರಂ ತುಂಬತೊಡಗಿದರು. ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದುವುದು, ಉತ್ತರ ಬರೆಯುವುದು. ಓದು ಎಷ್ಟು, ಅನುಭವ ಎಷ್ಟು, ವಾರಕ್ಕೆ ಒಂದು ಗಂಟೆ ಕೊಡಬಲ್ಲಿರಾ... ಸರಿ ಎನ್ನುವುದಕ್ಕೆ ಐರಿಶರು ಹೇಳುವಂತೆ ಗ್ರ್ಯಾಂಡ್, ಗ್ರ್ಯಾಂಡ್ ಎನ್ನುತ್ತ ಎರಡನೇ ಪುಟಕ್ಕೆ ಬಂದರು.

"ನಿಮಗೂ ಈ ವಿದ್ಯಾರ್ಥಿಗೂ ನಡುವೆ ಬಂಧುತ್ವವಾಗಲಿ ಪ್ರೇಮ ಸಂಬಂಧವಾಗಲಿ ಇದೆಯೇ? ಅಥವಾ ಮುಂದೆ ಆಗಬಹುದೆಂಬ ನಿರೀಕ್ಷೆ ಇದೆಯೇ? ಇದ್ದಲ್ಲಿ ನೀವು ಮಾರ್ಗದರ್ಶಿಯಾಗುವಂತಿಲ್ಲ." ನೋರಾ ಕನ್ನಡಕದ ಮೇಲಿಂದ ನೋಡಿದರು. "ಇಲ್ಲ ಅಂತ ಬರೀತೀನಮ್ಮ. ನಿನಗೆ ಬೇಸರವಿಲ್ಲ ತಾನೆ?"

ಅನಸೂಯಾ ನಗಬೇಕಿತ್ತು. ನಗಲಿಲ್ಲ.

"ಇನ್ನೊಂದ್ಸಲ ಓದ್ತೀರಾ?" ಎಂದಳು.

ನೋರಾ ಮತ್ತೆ ಓದಿದರು. ಆಮೇಲೆ ಅವಳ ಮುಖ ನೋಡಿ, ಏನೂ ಕೇಳದೆ, ಸಹಿ ಹಾಕಿ ಕೊಟ್ಟರು.

ಫಾರಂ ಕಳಿಸಿ ಮುಗಿಸುವಾಗ ಬ್ರೇಕಿನಲ್ಲಿ ಅರ್ಧ ಉಳಿದಿತ್ತು. ಮಧುಸೂದನ ಆಸ್ಪತ್ರೆಯ ಹಿಂಬದಿಯ ಬೆಂಚಿನ ಮೇಲೆ, ಫೆಬ್ರವರಿಯ ತೆಳು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ಮೂಗಿನ ಮೇಲೆ ಮಾಸ್ಕಿನ ಗುರುತು ಕೆಂಪಗೆ ಬಿದ್ದಿತ್ತು. ಅನಸೂಯಾ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಸುತ್ತಿ ಬಳಸಿ ಮಾತಾಡಲು ಅವಳಲ್ಲಿ ತ್ರಾಣವಿರಲಿಲ್ಲ.

"ಎರಡನೇ ಪುಟ ಓದ್ದೆ," ಎಂದಳು.

ಅವನು ಕೈಯಲ್ಲಿದ್ದ ಮಾಸ್ಕನ್ನು ಮಡಚಿ ಜೇಬಿಗಿಟ್ಟ.

"ಇಲ್ಲ ಅಂತ ಬರೆದ್ರೆ ಸುಳ್ಳಾಗ್ತಿತ್ತು," ಎಂದ. "ಹೌದು ಅಂತ ಬರೆದ್ರೆ ನಿಮ್ಗಿಂತ ಮೊದ್ಲು ನಿಮ್ಮ ಯೂನಿವರ್ಸಿಟಿಗೆ ಹೇಳಿದ ಹಾಗಾಗ್ತಿತ್ತು. ಎರಡು ದಿನ ಪೆನ್ ಹಿಡ್ಕೊಂಡು ಕೂತಿದ್ದೆ."

"ನಂಗೆ ಹೇಳ್ಬಹುದಿತ್ತಲ್ಲ?"

"ಯಾವಾಗ? ಸಹಿ ಕೇಳೋಕೆ ಬಂದವರ ಮುಂದೆ ಪ್ರೀತಿ ಅಂತ ಬಾಯಿ ಬಿಟ್ರೆ ಅದು ಲಂಚ ಕೇಳಿದ ಹಾಗೆ ಅನಸೂಯಾ. ನಿಮ್ಮ ಫಾರಂ ಹೋದ್ಮೇಲೆ ಹೇಳೋಣ ಅಂತಿದ್ದೆ. ನೋರಾ ಒಪ್ಪೋವರೆಗೂ, ಇನ್ನೊಬ್ರು ಸಿಕ್ತಾರೆ ಅಂತ ಆಸೆ ತೋರ್ಸೋಕೂ ಧೈರ್ಯ ಬರ್ಲಿಲ್ಲ."

ಮೂರು ವಾರ ಎದೆಯಲ್ಲಿ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಅನಸೂಯಾಗೆ ತಿಳಿಯಲಿಲ್ಲ. ನರ್ಸ್ ಅಂತ ಕೀಳಾಗಿ ನೋಡಿದ್ರಿ ಅಂದ್ಕೊಂಡೆ ಎಂದಳು. ಅವನಿಗೆ ಏಟು ಬಿದ್ದಂತಾಯಿತು. ಮೊದಲ ದಿನ ತಾನು ಆ ಪ್ರಶ್ನೆ ಕೇಳಿದ್ದು, ಅವಳ ಕಣ್ಣ ಕೆಳಗಿನ ಕಪ್ಪು ನೋಡಲಾಗದೆ ಎಂದ. ಅವಳು ಏನು ಓದುತ್ತಿದ್ದಾಳೆಂದು ಕೂಡ ಆಗ ಅವನಿಗೆ ಗೊತ್ತಿರಲಿಲ್ಲವಂತೆ. ನಿಮ್ಮ ಹಾಳೆಗಳನ್ನು ನೋರಾಗೆ ತೋರಿಸುವಾಗ ನನ್ನದೇ ಎನ್ನುವಷ್ಟು ಜಂಬ ಬಂದಿತ್ತು ಎಂದ.

ಆಗ ಅವಳು ಅತ್ತಳು. ಅಕ್ಟೋಬರಿನಿಂದ ತಡೆದಿಟ್ಟದ್ದೆಲ್ಲ ಬಂತು. ಅವನು ಹತ್ತಿರ ಬರಲಿಲ್ಲ, ಎದ್ದೂ ಹೋಗಲಿಲ್ಲ.

"ನಂಗೂ ನೀವಂದ್ರೆ ಇಷ್ಟ," ಎಂದಳು, ಕಣ್ಣೊರೆಸಿಕೊಂಡು. "ಆದ್ರೆ ಈಗ ಪ್ರೀತಿ ಮಾಡೋಕೂ ಶಕ್ತಿ ಇಲ್ಲ ನನ್ನಲ್ಲಿ. ಓದು ಮುಗಿಯೋಕೆ ಇನ್ನೂ ಹದಿನಾಲ್ಕು ತಿಂಗಳಿದೆ."

"ಕಾಯ್ತೀನಿ."

"ಬೇಡ. ವರ್ಷವಿಡೀ ಎಲ್ರೂ ಬರೀ ಕಾದಿದ್ದೇ ಆಯ್ತು. ನೀವೂ ಕಾಯ್ಬೇಡಿ."

ಅವನ ಮುಖ ಇಳಿಯಿತು. ಅನಸೂಯಾ ಫೋನಿನಲ್ಲಿ ಗಂಟೆ ನೋಡಿದಳು.

"ಬ್ರೇಕ್ ಮುಗಿಯೋಕೆ ಹನ್ನೊಂದು ನಿಮಿಷ ಇದೆ," ಎಂದಳು. "ಇವತ್ತೇ ಶುರು ಮಾಡೋಣ. ಏನಾದ್ರೂ ಮಾತಾಡಿ. ಆಸ್ಪತ್ರೆ ವಿಷ್ಯ ಒಂದು ಬಿಟ್ಟು."

ಮಧುಸೂದನ ಯೋಚಿಸಿದ. ಆಸ್ಪತ್ರೆ ಬಿಟ್ಟು ಬೇರೆ ಮಾತಾಡಿ ಅವನಿಗೂ ತಿಂಗಳುಗಳೇ ಆಗಿದ್ದವು.

"ನಾನು ಅನ್ನ ಮಾಡಿದ್ರೆ ಪ್ರತಿ ಸಲ ತಳ ಹಿಡಿಯುತ್ತೆ," ಎಂದ.

"ನೀರು ಎಷ್ಟು ಹಾಕ್ತೀರಿ?" ಎಂದು ಕೇಳುತ್ತ, ಅನಸೂಯಾ ಬೆಂಚಿನ ಮೇಲೆ ಅವನ ಕಡೆಗೆ ಸ್ವಲ್ಪ ಸರಿದು ಕೂತಳು.