ಯುದ್ಧನೌಕೆಗಳ ಚಿತ್ರ ಬರೆದವನು

"ನಿಮ್ಮ ಬಾವುಟ ತಪ್ಪಾಗಿದೆ."

ಫ್ರೇಮ್ ಹಾಕಿಸಲು ಬಂದವನ ಮುಖವನ್ನೂ ನೋಡದೆ ಅವಳು ಹಾಗಂದುಬಿಟ್ಟಳು. ಅಪ್ಪನ ಫ್ರೇಮ್ ಅಂಗಡಿಯಲ್ಲಿ ಅಳತೆ ಹಿಡಿಯುವ ಕೆಲಸ ಅವಳದು. ಮೇಜಿನ ಮೇಲಿದ್ದ ಚಿತ್ರದಲ್ಲಿ ಹಳೇ ಕಾಲದ ಮೂರು ಯುದ್ಧನೌಕೆಗಳು ಹಾಯಿ ಬಿಚ್ಚಿಕೊಂಡು ನುಗ್ಗುತ್ತಿದ್ದವು. ಅಲೆಗಳ ಮೇಲೆ ಟೇಪು ಇಡಲೂ ಅವಳ ಕೈ ಹಿಂಜರಿದಿತ್ತು.

"ಏನು ತಪ್ಪು?" ಅವನ ದನಿ ಬಿಗಿಯಾಯಿತು.

"ಗಾಳಿ ಹಿಂದಿನಿಂದ ಬಂದು ಹಾಯಿ ಮುಂದಕ್ಕೆ ಉಬ್ಬಿದೆ. ಬಾವುಟ ಮಾತ್ರ ಹಿಂದಕ್ಕೆ ಹಾರ್ತಿದೆ. ಒಂದೇ ಹಡಗಿಗೆ ಎರಡು ಗಾಳಿನಾ?"

ಅವನ ಕಿವಿ ಕೆಂಪಾಯಿತು. ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟ.

'ನನಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ...' ಅವಳು ನಾಲಿಗೆ ಕಚ್ಚಿಕೊಂಡಳು.

ಎಂಟು ದಿನ ಬಿಟ್ಟು ಅವನು ಮತ್ತೆ ಬಂದ. ಬಾವುಟಗಳನ್ನೆಲ್ಲ ತಿದ್ದಿದ್ದ. ತಾನು ಹಡಗು ರಿಪೇರಿ ಮಾಡುವ ಕಡೆ ತುಕ್ಕು ಕೆರೆದು ಬಣ್ಣ ಬಳಿಯುವವನು, ಚಿತ್ರ ಬರೆಯುವುದನ್ನು ಯಾರೂ ಕಲಿಸಿದವರಿಲ್ಲ, ತಪ್ಪು ಹೇಳುವವರೂ ಇರಲಿಲ್ಲ ಎಂದ. ಆ ಕೊನೆಯ ಮಾತು ಅವಳ ಎದೆಗೆ ನಾಟಿತು.

ಆಮೇಲೆ ಏನಾದರೊಂದು ನೆಪ ಸಿಗುತ್ತಲೇ ಇತ್ತು. ಮಧ್ಯಾಹ್ನ ಅವನ ಕೋಣೆಯ ಕಿಟಕಿ ಪಕ್ಕ ಕೂತು, ಅವನು ಉಸಿರು ಹಿಡಿದು ಹಾಯಿಯ ಹಗ್ಗಗಳನ್ನು ಒಂದೊಂದೇ ಎಳೆಯುವುದನ್ನು ನೋಡುತ್ತಿದ್ದಳು. ಪ್ರತಿ ಗೆರೆಗೂ ಅವನು "ಸರಿನಾ?" ಅಂತ ತಿರುಗುತ್ತಿದ್ದ. ಇಡೀ ಲೋಕದಲ್ಲಿ ಅವನು ಕೇಳುತ್ತಿದ್ದುದು ಅವಳೊಬ್ಬಳನ್ನೇ.

ಅವನು ಆ ಮೊದಲ ಚಿತ್ರವನ್ನು ಮಾರಾಟಕ್ಕೆ ಕೊಟ್ಟ. ಅವಳೇ ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದಳು. ಬರೆದವನು ಯಾರೆಂದು ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಆ ಬಣ್ಣ ಬಳಿಯುವವನು ಯಾಕೆ ಪದೇ ಪದೇ ಬರುತ್ತಾನೆ ಎಂದು ಅಪ್ಪ ಆಗಲೇ ಒಂದೆರಡು ಸಲ ಗೊಣಗಿದ್ದರು.

ಒಂದು ದಿನ ಗಿರಾಕಿಯೊಬ್ಬರು ಆ ಚಿತ್ರದ ಮುಂದೆ ಮೈಮರೆತು ನಿಂತರು. "ಯಾರಮ್ಮ ಬರೆದದ್ದು ಇದನ್ನ?"

ಗರಗಸ ನಿಲ್ಲಿಸಿ ಅಪ್ಪನೂ ತಲೆಯೆತ್ತಿದರು. ಅವಳು ಕೈಯಲ್ಲಿದ್ದ ಟೇಪು ಸುತ್ತತೊಡಗಿದಳು.

"ಗೊತ್ತಿಲ್ಲ... ಯಾರೋ ತಂದಿಟ್ಟು ಹೋದ್ರು."

ಹೇಳಿ ತಿರುಗಿದಾಗ ಬಾಗಿಲಲ್ಲಿ ಅವನು ನಿಂತಿದ್ದ. ಹಾಗೇ ಮೆಟ್ಟಿಲಿಳಿದು ಹೋದ. ಸಂಜೆ ಓಡಿಹೋಗಿ ನೋಡಿದರೆ ಕೋಣೆಗೆ ಬೀಗ. ಬೇರೆ ಬಂದರಿಗೆ ಕೆಲಸಕ್ಕೆ ಹೊರಟುಹೋದ ಎಂದರು ಜೊತೆಯವರು. ಫೋನನ್ನು ಒಂದೇ ಒಂದು ಸಲ ಎತ್ತಿದ.

"ಗೊತ್ತಿಲ್ಲದವನ ಹತ್ರ ನಿನಗೇನು ಮಾತು?"

ಎರಡು ವರ್ಷ ಅವಳು ಆ ಮಾತನ್ನು ಹೊತ್ತುಕೊಂಡೇ ಎದ್ದಳು, ಮಲಗಿದಳು. ಅಪ್ಪ ಗಂಡು ಗೊತ್ತುಮಾಡಿದಾಗ, ಊಟಕ್ಕೆ ಕೂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆದರು. ಮೂರನೆಯ ದಿನ ಅವಳು ಅವನಿದ್ದ ಬಂದರಿಗೆ ಬಸ್ಸು ಹತ್ತಿದಳು.

ಹಡಗಿನ ಪಕ್ಕಕ್ಕೆ ತೂಗುಬಿಟ್ಟ ಹಲಗೆಯ ಮೇಲೆ ಕೂತು ಅವನು ತುಕ್ಕು ಕೆರೆಯುತ್ತಿದ್ದ. ಇಳಿದು ಬಂದ. ತೀರಾ ಸೊರಗಿದ್ದ.

"ಯಾಕೆ ಬಂದೆ?"

"ಅವತ್ತು ನಿನ್ನ ಬಗ್ಗೆ ನನಗೆ ನಾಚಿಕೆ ಇರಲಿಲ್ಲ. ಅಪ್ಪನ ಭಯ ಇತ್ತು. ಆದ್ರೂ ನಾನು ಹೇಳಬೇಕಿತ್ತು... ಹೇಳಲಿಲ್ಲ."

"ಅವತ್ತು ನಾನು ಬಂದಿದ್ದು ನಿನ್ನನ್ನ ಕೊಡ್ತೀರಾ ಅಂತ ನಿಮ್ಮಪ್ಪನ್ನ ಕೇಳೋಕೆ," ಎಂದ ಅವನು, ನೆಲ ನೋಡುತ್ತಾ. "ಆಮೇಲೆ ಬ್ರಶ್ ಮುಟ್ಟೇ ಇಲ್ಲ. ಕೂತರೆ ನಿನ್ನ ಆ 'ಗೊತ್ತಿಲ್ಲ' ಅನ್ನೋ ಮಾತೇ ಕೇಳುತ್ತೆ."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಸಮಾಧಾನ ಮಾಡಲಿಲ್ಲ. ಇನ್ನು ಹೇಳುವುದಕ್ಕೇನೂ ಉಳಿದಿಲ್ಲವೆಂದು ಅವಳು ತಿರುಗಿದಳು.

"ಮನೇಲಿ ಹೇಳಿ ಬಂದ್ಯಾ?"

"ಹೇಳಿದೀನಿ. ಯಾರು ಬರೆದಿದ್ದು, ಅವನು ನನಗೇನಾಗ್ಬೇಕು... ಎಲ್ಲಾ."

"ಏನಂದ್ರು?"

"ಮೂರು ದಿನದಿಂದ ನನ್ನ ಹತ್ರ ಮಾತೇ ಆಡಿಲ್ಲ."

ಅವನು ಕೈಗವಸು ಒಂದೊಂದಾಗಿ ಬಿಚ್ಚಿದ.

"ಊಟ ಆಯ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕೈ ತೊಳ್ಕೊಂಡು ಬರ್ತೀನಿ..." ನಾಲ್ಕು ಹೆಜ್ಜೆ ಹೋದವನು ನಿಂತ. "ಹೊರಟುಹೋಗ್ಬೇಡ."

"ಇಲ್ಲ," ಎಂದಳು ಅವಳು. "ಇಲ್ಲೇ ಇರ್ತೀನಿ."